ಮಸ್ಟ್ಯಾಂಗ್ ಜಿಟಿಗೆ 85 ಮಿ.ಮೀ. ಥ್ರಾಟಲ್ ಬಾಡಿ: ಬಹುಕಾಲ ಓಡಿಸಿದವನ ವಿಮರ್ಶೆ

ರೇಟಿಂಗ್: 5ಕ್ಕೆ 2.5

ಕಾರು 2016ರ ಫೋರ್ಡ್ ಮಸ್ಟ್ಯಾಂಗ್ ಜಿಟಿ, 5.0 ಲೀಟರ್ ಕಯೋಟಿ ವಿ8, ಮ್ಯಾನುಯಲ್ ಗೇರ್. ಓಡುವುದು ಡಲ್ಲಾಸ್ ಪಕ್ಕದ ಪ್ಲೇನೊದಲ್ಲಿ. ಕಂಪನಿಯಿಂದ ಬಂದದ್ದು 80 ಮಿ.ಮೀ. ಥ್ರಾಟಲ್ ಬಾಡಿ, ಅಂದರೆ ಎಂಜಿನ್ನಿಗೆ ಎಷ್ಟು ಗಾಳಿ ಹೋಗಬೇಕೆಂದು ಒಳಗಿನ ತಿರುಗುವ ಪ್ಲೇಟಿನಿಂದ ನಿಯಂತ್ರಿಸುವ ಬಾಗಿಲು. ಅದನ್ನು ತೆಗೆಸಿ ಹೊರಗಿನ ತಯಾರಕರ 85 ಮಿ.ಮೀ. ಅಲ್ಯೂಮಿನಿಯಂ ಬಾಡಿ ಕೂರಿಸಿದೆ. ಹೆಸರು ಬೇಡ, ಇಲ್ಲಿ ಹೇಳುವುದರಲ್ಲಿ ಬಹುಪಾಲು ದೊಡ್ಡ ಬಾಯಿಯ ಯಾವ ಬಾಡಿಗೂ ಸಲ್ಲುತ್ತದೆ.

ಎಲ್ಲರೂ ಕೇಳುವುದು ಒಂದೇ: ಪವರ್ ಹೆಚ್ಚಾಯಿತಾ? ಇಲ್ಲ. ಬಾಯಿಯ ವಿಸ್ತೀರ್ಣ ಲೆಕ್ಕಕ್ಕೆ ಸುಮಾರು 13% ಹೆಚ್ಚು, ಜಾಹೀರಾತಿಗೆ ಒಳ್ಳೆಯ ಅಂಕಿ. ಆದರೆ ಪೆಡಲ್ ಪೂರ್ತಿ ತುಳಿದಾಗ ಮ್ಯಾನಿಫೋಲ್ಡಿನೊಳಗಿನ (ಬಾಡಿಯಿಂದ ಬಂದ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆಗಳೊಳಗಿನ) ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಹತ್ತಿರವೇ ಇದ್ದರೆ ಹಳೆಯ ಬಾಡಿ ಏನನ್ನೂ ತಡೆಯುತ್ತಿರಲಿಲ್ಲ ಎಂದಾಯಿತು. ಓವರ್‌ಹೆಡ್ ಟ್ಯಾಂಕಿನಿಂದ ಬರುವ ಪೈಪು ಅರ್ಧ ಇಂಚಿನದೇ ಇರುವಾಗ ನಲ್ಲಿಯನ್ನಷ್ಟೇ ಒಂದಿಂಚಿನದು ಹಾಕಿಸಿದ ಕಥೆ. ಕಂಪನಿ ಕೊಟ್ಟ 435 ಅಶ್ವಶಕ್ತಿ ಅಷ್ಟೇ ಇದೆ.

ಪೆಡಲ್ ಚುರುಕಾಗಿದೆ ಅನ್ನುವುದು ನಿಜ. ಅದೇ ಡಿಗ್ರಿ ತೆರೆದರೂ ಗಾಳಿ ಹೆಚ್ಚು ನುಗ್ಗುವುದರಿಂದ ಕಾಲಿಟ್ಟೊಡನೆ ಕಾರು ಜಿಗಿಯುತ್ತದೆ. ಆದರೆ ಡ್ಯಾಶ್‌ಬೋರ್ಡಿನ ಸ್ಪೋರ್ಟ್ ಪ್ಲಸ್ ಮೋಡ್ ಕೂಡ ಹೆಚ್ಚುಕಮ್ಮಿ ಇದನ್ನೇ ಮಾಡುತ್ತದೆ, ಅದೂ ಪುಕ್ಕಟೆ.

ಇನ್ನು ತೊಂದರೆಗಳು. ಮೊದಲನೆಯದು ಐಡಲ್, ಅಂದರೆ ಪೆಡಲ್ ಮುಟ್ಟದೆ ನಿಂತಲ್ಲೇ ಎಂಜಿನ್ ಓಡುವ ವೇಗ. ಸಿಗ್ನಲ್ ಹತ್ತಿರ ಕ್ಲಚ್ ಒತ್ತಿದರೆ ಆರ್‌ಪಿಎಂ ಧೊಪ್ಪನೆ ಇಳಿದು, ಇನ್ನೇನು ಎಂಜಿನ್ ಆಫ್ ಆಗಬೇಕು ಅನ್ನುವಷ್ಟರಲ್ಲಿ ಮೇಲೆದ್ದು, ಮತ್ತೆ ಇಳಿಯುತ್ತಿತ್ತು. ಎಸಿ ಕಂಪ್ರೆಸರ್ ಹತ್ತಿದಾಗ ಇನ್ನೂ ಜಾಸ್ತಿ. ಟೆಕ್ಸಾಸ್ ಬೇಸಿಗೆಯಲ್ಲಿ ಎಸಿ ಇಲ್ಲದೆ ಓಡಿಸಿ ಅನ್ನುವವರು ಒಮ್ಮೆ ಆಗಸ್ಟ್‌ನಲ್ಲಿ ಬಂದು ನೋಡಲಿ. ಈ ಕಾರಿನಲ್ಲಿ ಆಕ್ಸಿಲರೇಟರ್ ಕೇಬಲ್ ಇಲ್ಲ. ಕಂಪ್ಯೂಟರ್ ಹೇಳಿದಂತೆ ಮೋಟಾರ್ ಪ್ಲೇಟನ್ನು ತಿರುಗಿಸುತ್ತದೆ. ಎಷ್ಟು ತೆರೆದರೆ ಎಷ್ಟು ಗಾಳಿ ಎಂಬ ಲೆಕ್ಕ ಬರೆದಿರುವುದು 80 ಮಿ.ಮೀ.ಗೆ. ಬಾಯಿ ದೊಡ್ಡದಾದರೆ ಕಂಪ್ಯೂಟರ್ ಪ್ರತಿ ಸಲ ಅಗತ್ಯಕ್ಕಿಂತ ಹೆಚ್ಚು ತೆರೆದು, ಆಮೇಲೆ ಅಗತ್ಯಕ್ಕಿಂತ ಹೆಚ್ಚು ಮುಚ್ಚುತ್ತದೆ. ಬ್ಯಾಟರಿ ಕಳಚಿ ಐಡಲ್ ರೀಲರ್ನ್ ಮಾಡಿಸಿದರೆ (ಕಂಪ್ಯೂಟರಿಗೆ ಐಡಲ್ ಅನ್ನು ಹೊಸದಾಗಿ ಕಲಿಸಿದರೆ) ಸ್ವಲ್ಪ ತಗ್ಗುತ್ತದೆ. ನನ್ನ ಕಾರಲ್ಲಿ ಪೂರ್ತಿ ನಿಂತದ್ದು ಟ್ಯೂನರ್, ಅಂದರೆ ಕಾರಿನ ಕಂಪ್ಯೂಟರ್ ಪ್ರೋಗ್ರಾಂ ತಿದ್ದುವವರು, ಆ ಲೆಕ್ಕವನ್ನು ಸರಿಪಡಿಸಿದ ಮೇಲೆಯೇ.

ಆದರೆ ಟ್ಯೂನಿಗೆ ದುಡ್ಡು ಸುರಿಯುವ ಮುಂಚೆ ಗಾಳಿ ಸೋರಿಕೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಸೋರಿಕೆಯೋ ಲೆಕ್ಕದ ದೋಷವೋ ಎಂದು ಬೇರ್ಪಡಿಸಿ ನೋಡಲು ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಸಾಕು. ಗ್ಯಾಸ್ಕೆಟ್ ಬಳಿ ಸೋರುತ್ತಿದ್ದರೆ ಆ ಗಾಳಿ ಒಳಹೋಗುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರಿನ ಲೆಕ್ಕಕ್ಕೆ ಸಿಗುವುದಿಲ್ಲ. ಐಡಲ್‌ನಲ್ಲಿ ಟ್ರಿಮ್ ಪ್ಲಸ್ ಕಡೆಗೆ ಚೆನ್ನಾಗಿ ಏರಿ, 2500 ಆರ್‌ಪಿಎಂ ಹೊತ್ತಿಗೆ ಇಳಿಯುತ್ತದೆ. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎನ್ನುವ ಪಿ0171, ಪಿ0174 ದೋಷದ ಕೋಡ್‌ಗಳೂ ಬರಬಹುದು. ಟ್ರಿಮ್ ಸೊನ್ನೆಯ ಆಸುಪಾಸಿನಲ್ಲಿದ್ದೂ ಐಡಲ್ ಕುಣಿಯುತ್ತಿದ್ದರೆ ದೋಷ ಹೆಚ್ಚಾಗಿ ಲೆಕ್ಕದ್ದೇ. ಅನುಮಾನ ಉಳಿದರೆ ಸ್ಮೋಕ್ ಟೆಸ್ಟ್ (ಒಳಗೆ ಹೊಗೆ ತುಂಬಿಸಿ ಎಲ್ಲಿ ಹೊರಬರುತ್ತದೆ ಎಂದು ನೋಡುವುದು) ಮಾಡಿಸಿ. ಮ್ಯಾನಿಫೋಲ್ಡ್ ಪ್ಲಾಸ್ಟಿಕ್ಕಿನದು, ಬೋಲ್ಟನ್ನು ಜೋರಾಗಿ ಬಿಗಿಸಬೇಡಿ.

ಎರಡನೆಯದು ಇನ್ನೂ ಕಿರಿಕಿರಿಯದು. ಹೈವೇಯಲ್ಲಿ ಇದ್ದಕ್ಕಿದ್ದಂತೆ ಡ್ಯಾಶ್‌ಬೋರ್ಡಿನಲ್ಲಿ ಸ್ಪ್ಯಾನರ್ ಚಿತ್ರದ ಎಚ್ಚರಿಕೆ ದೀಪ ಹತ್ತಿ, ಪೆಡಲ್ ತುಳಿದರೂ ಕಾರು ಏಳಲೇ ಇಲ್ಲ. ಕೋಡ್ ಪಿ2135. ಬಾಡಿಯೊಳಗೆ ಪ್ಲೇಟಿನ ಸ್ಥಾನ ಹೇಳುವ ಸೆನ್ಸರ್ ಎರಡಿವೆ. ಒಂದರ ಮಾತು ಇನ್ನೊಂದಕ್ಕೆ ಹೊಂದದಿದ್ದರೆ ಕಂಪ್ಯೂಟರ್ ಯಾರನ್ನೂ ನಂಬದೆ ಪವರ್ ಕಡಿಮೆ ಮಾಡಿಬಿಡುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಸರಿಯೇ, ಆದರೆ ಹಿಂದೆ ಹದಿನೆಂಟು ಚಕ್ರದ ಲಾರಿ ಬರುತ್ತಿರುವಾಗ ಅಷ್ಟು ಹಿತವಾಗಿರುವುದಿಲ್ಲ. ಕನೆಕ್ಟರ್ ಬಿಚ್ಚಿ ಪಿನ್‌ಗಳನ್ನು ನೋಡಿ, ವೈರಿಂಗ್ ಅಲ್ಲಾಡಿಸಿ ನೋಡಿದ್ದಾಯಿತು, ಏನೂ ಸಿಗಲಿಲ್ಲ. ಕೊನೆಗೆ ಕಂಪನಿಯ ಹಳೆಯ ಬಾಡಿಯನ್ನೇ ಮತ್ತೆ ಕೂರಿಸಿದೆ. ಕೋಡ್ ಮತ್ತೆ ಬರಲಿಲ್ಲ, ಅಂದರೆ ವೈರಿಂಗ್ ಸರಿಯಿದೆ. ಹೊಸದನ್ನು ಮತ್ತೆ ಹಾಕಿ, ಲ್ಯಾಪ್‌ಟಾಪಿನಲ್ಲಿ ಫೋರ್ಡ್ ಕಾರುಗಳ ಕಂಪ್ಯೂಟರ್ ಓದುವ ಫೋರ್‌ಸ್ಕ್ಯಾನ್ ಎಂಬ ತಂತ್ರಾಂಶದಲ್ಲಿ ಎರಡೂ ಸೆನ್ಸರಿನ ಗ್ರಾಫ್ ತೆರೆದು, ಪ್ಲೇಟ್ ನಿಧಾನಕ್ಕೆ ತೆರೆಯುವಂತೆ ಪೆಡಲ್ ಒತ್ತುತ್ತಾ ಹೋದಾಗ ಒಂದು ಗೆರೆ ಅರ್ಧದಾರಿಯಲ್ಲಿ ತಟ್ಟನೆ ಕುಸಿದದ್ದು ಕಂಡಿತು. ಆ ಚಿತ್ರ ಕಳಿಸಿದ ಮೇಲೆ ಮಾರಿದವರು ತಕರಾರಿಲ್ಲದೆ ಬೇರೆ ಬಾಡಿ ಕೊಟ್ಟರು. ಅದು ಈವರೆಗೆ ಸುಮ್ಮನಿದೆ. ಹಳೆಯದನ್ನು ಮಾರಬೇಡಿ ಅನ್ನುವುದು ಇದಕ್ಕೇ.

ಇಲ್ಲಿನ ಕಾಲಿನ್ ಕೌಂಟಿಯಲ್ಲಿ ವರ್ಷಕ್ಕೊಮ್ಮೆ ಎಮಿಷನ್ ಟೆಸ್ಟ್ ಇದೆ. ಬ್ಯಾಟರಿ ಕಳಚಿದರೆ ಅಥವಾ ಕೋಡ್ ಅಳಿಸಿದರೆ ರೆಡಿನೆಸ್ ಮಾನಿಟರ್‌ಗಳೂ (ಹೊಗೆ ನಿಯಂತ್ರಣದ ಭಾಗಗಳನ್ನು ಕಾರು ತಾನೇ ಪರೀಕ್ಷಿಸಿಕೊಂಡ ದಾಖಲೆ) ಅಳಿಸಿಹೋಗುತ್ತವೆ, ಅವು ಮತ್ತೆ ತುಂಬುವವರೆಗೆ ಟೆಸ್ಟಿಗೆ ಹೋಗಿ ಪ್ರಯೋಜನವಿಲ್ಲ. ಈ ರಿಪೇರಿಯನ್ನೆಲ್ಲ ರಿಜಿಸ್ಟ್ರೇಷನ್ ನವೀಕರಿಸುವ ತಿಂಗಳಿಗೆ ಇಟ್ಟುಕೊಳ್ಳಬೇಡಿ.

ಯಾರು ಕೊಳ್ಳಬಹುದು? ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಹಾಕಿಸುವವರು, ಇಲ್ಲವೇ ಮಸ್ಟ್ಯಾಂಗಿನದೇ ಇನ್ನೂ ಚುರುಕಾದ ಮಾದರಿ ಜಿಟಿ350ಯ ಮ್ಯಾನಿಫೋಲ್ಡ್ ಹಾಕಿಸುವವರು ದೊಡ್ಡ ಬಾಡಿಗೆ ಹೋಗಲಿ. ಹೇಗೂ ಟ್ಯೂನ್ ಮಾಡಿಸಲೇಬೇಕು. ಜಿಟಿ350ಗೆ ಫೋರ್ಡ್‌ನದೇ 87 ಮಿ.ಮೀ. ಬಾಡಿ ಇದೆ, ನಾನಾದರೆ ಅದನ್ನೇ ಮೊದಲು ಹುಡುಕುತ್ತೇನೆ. ಉಳಿದಂತೆ ಕಂಪನಿ ಎಂಜಿನ್ ಹಾಗೇ ಇರುವ ಕಾರಿಗೆ ಇದು ಬೇಡ. ಆ ದುಡ್ಡಿಗೆ ಒಳ್ಳೆಯ ಟೈರ್ ಹಾಕಿಸಿ.