‘ಮೆದುಳಿನ ವಯಸ್ಸು’ ಹೇಳುವ ಆ್ಯಪ್‌ಗೆ ಹಣ ಕಟ್ಟುವ ಮೊದಲು

ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಮುಳ್ಳೇರಿಯ ಕಡೆಯ ನಿವೃತ್ತರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ನಿಮ್ಮ ಮೆದುಳಿನ ವಯಸ್ಸೆಷ್ಟು? ಉಚಿತವಾಗಿ ತಿಳಿಯಿರಿ’ ಎಂಬ ಕೊಂಡಿ ಮತ್ತೆ ಓಡಾಡತೊಡಗಿದೆ. ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಅದರಲ್ಲಿ ಉಚಿತವಾಗಿ ಸಿಗುವುದು ಹೆದರಿಕೆ ಮಾತ್ರ. ಹೆದರಿದ ಮೇಲೆ ನೆನಪಿನ ತರಬೇತಿಯ ಆಟಗಳಿಗೆ ವರ್ಷಕ್ಕೆ 4,999 ರೂಪಾಯಿ.

ನನಗೆ 67 ವರ್ಷ. ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಆ ಪರೀಕ್ಷೆ ನನ್ನ ಮೆದುಳಿಗೆ 81 ವರ್ಷ ಎಂದು ಕೆಂಪು ಅಕ್ಷರದಲ್ಲಿ ತೋರಿಸಿತು. ಪರೀಕ್ಷೆಯ ಚಂದವನ್ನು ಕೇಳಿ. ಭಾಷೆ ಆರಿಸುವಲ್ಲಿ ಕನ್ನಡ ಇತ್ತು, ಒತ್ತಿದೆ. ಸ್ವಾಗತದ ಒಂದು ಸಾಲು ಕನ್ನಡದಲ್ಲಿ ಬಂತು. ಫೋನ್ ಇರುವುದು ಕೇರಳದಲ್ಲಿ ಎಂದು ಅದಕ್ಕೆ ಗೊತ್ತಾಯಿತೋ ಏನೋ, ಅಲ್ಲಿಂದ ಮುಂದೆ ಸೂಚನೆಗಳೆಲ್ಲ ಮಲಯಾಳಕ್ಕೆ ಹೊರಳಿದವು. ಗಡಿನಾಡಿನವರಿಗೆ ಇದು ಹೊಸತೇನಲ್ಲ, ಬಿಡಿ. ನೆನಪಿಟ್ಟು ಹೇಳಬೇಕಾದ ಪದಗಳು ಮಾತ್ರ ಇಂಗ್ಲಿಷಿನವು: ಮಿಟನ್, ರಕೂನ್, ಸ್ಲೆಡ್. ಹಿಮವನ್ನೇ ಕಾಣದ ಊರಿನಲ್ಲಿ ಹಿಮದ ಮೇಲಿನ ಜಾರುಬಂಡಿಯನ್ನು ನೆನಪಿಟ್ಟುಕೊಳ್ಳಬೇಕು! ಆಮೇಲೆ ಪರದೆಯ ಮೇಲೆ ಹಳದಿ ಚುಕ್ಕೆ ಮೂಡಿದ ಕೂಡಲೇ ಅದನ್ನು ಮುಟ್ಟುವ ಆಟ. ನನ್ನ ಹಳೆಯ ಫೋನ್ ಎರಡು ಸಲ ಒತ್ತದೆ ಅಲುಗುವುದಿಲ್ಲ. ಆ ತಡವೆಲ್ಲ ನನ್ನ ಮೆದುಳಿನ ಖಾತೆಗೆ ಜಮೆಯಾಯಿತು.

ನೆರೆಮನೆಯ ತಾಳಮದ್ದಳೆ ಅರ್ಥಧಾರಿಗಳ ಮೆದುಳಿಗೆ ಅದು ಕೊಟ್ಟ ವಯಸ್ಸು 84. ಭೀಷ್ಮನಾಗಿ ಕುಳಿತರೆ ಚೀಟಿಯಿಲ್ಲದೆ ರಾತ್ರಿಯಿಡೀ ವಾದಿಸುವ, ಎದುರಾಳಿ ಆಡಿದ ಮಾತನ್ನು ಗಂಟೆಯ ಬಳಿಕ ಅಕ್ಷರ ತಪ್ಪದೆ ಹಿಂದಿರುಗಿಸುವ ಮನುಷ್ಯ ಅವರು.

ಮರುದಿನವೇ ಕರೆ ಬಂತು. ಕರೆ ಮಾಡಿದ ಹುಡುಗಿಗೆ ಮಾತ್ರ ಒಳ್ಳೆಯ ಕನ್ನಡ ಬರುತ್ತಿತ್ತು. ‘ಇದು ಮರೆವಿನ ಕಾಯಿಲೆಯ ಆರಂಭ ಇರಬಹುದು’ ಎಂದಳು. ಇಂದು ರಾತ್ರಿ ಕಳೆದರೆ ಬೆಲೆ ದುಪ್ಪಟ್ಟು ಎಂದಳು. ಅರುವತ್ತಕ್ಕೆ ಅರಳುಮರಳು ಎಂಬ ಗಾದೆ ಕೇಳಿ ಬೆಳೆದ ನಮಗೆ ಇಷ್ಟು ಸಾಕು. ಜೊತೆಗೆ ಎರಡು ಭರವಸೆ: ತರಬೇತಿಯ ಫಲ ಹತ್ತು ವರ್ಷ ಉಳಿಯುತ್ತದೆಂದು ಅಮೆರಿಕದಲ್ಲಿ ಸಿದ್ಧವಾಗಿದೆ, ಫಲ ಕಾಣದಿದ್ದರೆ ಮೂರು ತಿಂಗಳಲ್ಲಿ ಹಣ ವಾಪಸ್. ನಂಬಿ ಹಣ ಕಟ್ಟಿದೆ.

ಮೊದಲನೆಯದು ಅರ್ಧಸತ್ಯ. ‘ಆ್ಯಕ್ಟಿವ್’ ಎಂಬ ಆ ಅಧ್ಯಯನ 1998ರಲ್ಲಿ ಆರಂಭವಾದದ್ದು, 65 ದಾಟಿದ 2,832 ಆರೋಗ್ಯವಂತರು ಅದರಲ್ಲಿದ್ದರು. 2014ರಲ್ಲಿ ಪ್ರಕಟವಾದ ಹತ್ತು ವರ್ಷದ ಫಲಿತಾಂಶದಲ್ಲಿ ತರ್ಕ ಮತ್ತು ಗ್ರಹಿಕೆಯ ವೇಗದ ತರಬೇತಿಗಳ ಲಾಭ ಉಳಿದಿತ್ತು, ನೆನಪಿನ ತರಬೇತಿಯ ಲಾಭ ಉಳಿದಿರಲಿಲ್ಲ. ನನಗೆ ಮಾರಿದ್ದು ನೆನಪಿನ ತರಬೇತಿ. ಮೇಲಾಗಿ ಅಲ್ಲಿ ಕಲಿಸಿದ್ದು ಚಿಕ್ಕ ಗುಂಪುಗಳಲ್ಲಿ, ತರಬೇತುದಾರರು ಎದುರಿಗಿದ್ದು.

ಎರಡನೆಯದು ಇನ್ನೂ ಸೊಗಸು. ಹಣ ವಾಪಸ್ ಬೇಕಾದರೆ ಒಂದು ದಿನವೂ ತಪ್ಪದೆ ಮನೆಯಲ್ಲಿ ಕುಳಿತು ಆಡಿರಬೇಕಂತೆ. ಆಟಿಯ ಮಳೆಗೆ ದಿನಗಟ್ಟಲೆ ಕರೆಂಟು ಹೋದದ್ದು ಅವರ ಲೆಕ್ಕಕ್ಕೆ ಬರಲಿಲ್ಲ. ಆದರೆ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಇಂಥ 52 ಪ್ರಯೋಗಗಳನ್ನು, ಒಟ್ಟು 4,885 ಹಿರಿಯರ ಫಲಿತಾಂಶಗಳನ್ನು, ಒಟ್ಟುಗೂಡಿಸಿ ನೋಡಿದಾಗ ಕಂಡದ್ದೇನು? ಸರಾಸರಿ ಲಾಭ ಸಣ್ಣದು. ಮನೆಯಲ್ಲಿ ಒಬ್ಬರೇ ಮಾಡುವ ತರಬೇತಿಯಲ್ಲಿ ಲಾಭ ಕಾಣಲಿಲ್ಲ, ವಾರಕ್ಕೆ ಮೂರಕ್ಕಿಂತ ಹೆಚ್ಚು ಸಲ ಮಾಡಿದರೂ ಕಾಣಲಿಲ್ಲ. ಅಂದರೆ ಫಲ ಸಿಗದ ಕ್ರಮ ಯಾವುದೋ ಅದನ್ನೇ ಹಣ ವಾಪಸಾತಿಗೆ ಷರತ್ತಾಗಿ ಇಟ್ಟಿದ್ದಾರೆ.

‘ನಿಮ್ಮ ಆಟದ ಅಂಕ ಏರಿದೆಯಲ್ಲ’ ಎಂದು ಅವರು ನಕ್ಷೆ ತೋರಿಸುತ್ತಾರೆ. ಏರದೆ ಏನು? ಅದೇ ಲೆಕ್ಕವನ್ನು ದಿನವೂ ಕೊಟ್ಟರೆ ನನ್ನ ತರಗತಿಯ ಕೊನೆಯ ಬೆಂಚಿನವನೂ ನೂರಕ್ಕೆ ನೂರು ತೆಗೆಯುತ್ತಿದ್ದ. ಆಟದಲ್ಲಿ ಪಳಗುವುದು ಬೇರೆ, ಸಂತೆಗೆ ಹೋದಾಗ ಸಾಮಾನಿನ ಪಟ್ಟಿ ನೆನಪಿರುವುದು ಬೇರೆ. ಈಚೆಗೆ ಮೊಮ್ಮಗನ ಹೊಸ ಫೋನಿನಲ್ಲಿ ಬೇರೆ ಹೆಸರು ಕೊಟ್ಟು ಮೊದಲಿನ ಪರೀಕ್ಷೆಯನ್ನೇ ಮಾಡಿ ನೋಡಿದೆ: ಮೆದುಳಿನ ವಯಸ್ಸು 69!

ಇಂಥ ಜಾಹೀರಾತಿಗಾಗಿ ಕಂಪನಿಯೊಂದು ಹಣ ತೆತ್ತದ್ದೂ ಇದೆ. ‘ಲುಮಾಸಿಟಿ’ ಆಟಗಳನ್ನು ತಯಾರಿಸುವ ಲುಮಾಸ್ ಲ್ಯಾಬ್ಸ್ ವಯೋಸಹಜ ಮರೆವಿನ ಭಯವನ್ನು ಬಳಸಿಕೊಂಡು ಜನರನ್ನು ದಾರಿತಪ್ಪಿಸಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತ್ತು. 2016ರ ಜನವರಿಯಲ್ಲಿ ಆ ಕಂಪನಿ 20 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ನನಗೆ ಗಂಟುಬಿದ್ದದ್ದು ಅದಲ್ಲ, ಬೇರೆಯದು.

ಬೇಸತ್ತು ಆ್ಯಪ್ ಅಳಿಸಿದೆ. ಆದರೂ ವರ್ಷ ತಿರುಗಿದಾಗ ಖಾತೆಯಿಂದ ಮತ್ತೆ 4,999 ಹೋಯಿತು. ಆ್ಯಪ್ ಅಳಿಸಿದರೆ ಆಟ ಮಾತ್ರ ಹೋಗುತ್ತದೆ, ಹಣ ಎಳೆಯುವ ಅನುಮತಿ ಹಾಗೆಯೇ ಉಳಿದಿರುತ್ತದೆ. ಯುಪಿಐ ಆ್ಯಪ್‌ನೊಳಗೆ ‘ಆಟೋಪೇ’ ಎಂಬ ವಿಭಾಗವಿದೆ. ಅಲ್ಲಿಗೆ ಹೋಗಿ ಆ ಕಂಪನಿಯ ಹೆಸರಿನ ಮುಂದಿರುವ ಅನುಮತಿಯನ್ನು ರದ್ದು ಮಾಡಿ. ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿನ ಮೂಲಕ ರದ್ದು ಮಾಡಿಸಿ. ಹಣ ಕಡಿತವಾಗುವ 24 ಗಂಟೆ ಮೊದಲು ಸಂದೇಶ ಬರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಅದು ಜಾಹೀರಾತುಗಳ ನಡುವೆ ಇಂಗ್ಲಿಷಿನಲ್ಲಿ ಬರುತ್ತದೆ, ಮಕ್ಕಳಿಗೆ ತೋರಿಸಿ ಓದಿಸಿಕೊಳ್ಳಿ.

ನಿಜಕ್ಕೂ ಮರೆವು ಕಾಡುತ್ತಿದ್ದರೆ ವೈದ್ಯರಲ್ಲಿಗೆ ಹೋಗಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕಿವಿ ಮಂದವಾಗಿರುವುದು, ಇವೆಲ್ಲ ಮರೆವಿನ ವೇಷ ಹಾಕಿಕೊಂಡು ಬರಬಲ್ಲವು, ಇವಕ್ಕೆ ಉಪಾಯವೂ ಇದೆ.

ಚಂದಾ ಬಲೆ (ಬಿಡಿಸಿಕೊಳ್ಳಲು ಕಷ್ಟವಾಗುವಂತೆ ಚಂದಾದಲ್ಲಿ ಸಿಕ್ಕಿಸುವುದು) ಮತ್ತು ಸುಳ್ಳು ಅವಸರ (‘ಇಂದು ರಾತ್ರಿ ಕಳೆದರೆ ದುಪ್ಪಟ್ಟು’ ಎನ್ನುವಂಥದ್ದು), ಇವೆರಡೂ 2023ರ ನವೆಂಬರಿನಲ್ಲಿ ಕೇಂದ್ರ ಸರಕಾರ ನಿಷೇಧಿಸಿದ 13 ಮೋಸದ ವಿನ್ಯಾಸಗಳ ಪಟ್ಟಿಯಲ್ಲಿವೆ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಎರಡನೆಯ ವರ್ಷದ ಹಣ ಹಿಂದೆ ಬಂದಿದೆ. ಮೊದಲನೆಯದಕ್ಕೆ ಇನ್ನೂ ಜಗಳ ನಡೆಯುತ್ತಿದೆ. ನಿಮಗೂ ಇದೇ ರೀತಿ ಕರೆ ಬಂದು ಹಣ ಕಟ್ಟಿದ್ದರೆ ಸಂದೇಶಗಳನ್ನು ಅಳಿಸಬೇಡಿ. ಅಂಕ ತೋರಿಸಿದ ಪರದೆಯ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ, ದೂರು ಕೊಡುವಾಗ ಬೇಕಾಗುತ್ತದೆ.