ಮಲ್ನಾಡಿನ ಮಳೆಗೆ ತಡೆಯಲ್ಲ, ಆದ್ರೂ ತಗೋಬೋದು ಈ ಸೈನ್ಸ್ ಕಿಟ್

ತೀರ್ಥಹಳ್ಳಿ ಕಡೆ ಏಳನೇ ಕ್ಲಾಸಿಗೆ ವಿಜ್ಞಾನ ಮಾಡ್ತೀನಿ. ಜೂನಲ್ಲಿ ಶಿವಮೊಗ್ಗ ಪೇಟೇಲಿ 850 ರೂಪಾಯಿ ಕೊಟ್ಟು ಈ ಕಿಟ್ ತಂದಿದ್ದೆ, ಎರಡು ತಿಂಗಳು ಬಳಸಿ ಬರೀತಿದೀನಿ.

ಕರೆಂಟ್ ಭಾಗ ಸೂಪರ್. ಎರಡು ಬಲ್ಬು ಒಂದರ ಹಿಂದೊಂದು ಹಾಕಿದ್ರೆ ಮಂಕು, ಎರಡಕ್ಕೂ ಬೇರೆ ಬೇರೆ ದಾರಿ ಕೊಟ್ರೆ ಚೆನ್ನಾಗಿ ಉರಿಯತ್ತೆ ಅನ್ನೋದನ್ನ ಮಕ್ಕಳೇ ಕಂಡ್ಹಿಡಿದ್ರು, ನಾನು ಬೋರ್ಡ್ ಮೇಲೆ ಎಷ್ಟ್ ಸಲ ಬರೆದ್ರೂ ತಲೆಗೆ ಹೋಗಿರ್ಲಿಲ್ಲ. ಎಲ್‌ಇಡಿಗೆ ಉದ್ದದ ಕಾಲು ಪ್ಲಸ್ಸಿಗೇ ಕೊಡ್ಬೇಕು, ಅದನ್ನ ಕಿಟ್ ಪುಸ್ತಕದಲ್ಲಿ ಹೇಳೇ ಇಲ್ಲ, ಅದೂ ಬರೀ ಇಂಗ್ಲಿಷ್ ಬೇರೆ.

ಆಮ್ಲ ಯಾವ್ದು, ಅದಕ್ಕೆ ಉಲ್ಟಾ ಇರೋ ಪ್ರತ್ಯಾಮ್ಲ ಯಾವ್ದು ಅಂತ ಬಣ್ಣ ಬದಲಾಯ್ಸಿ ತೋರ್ಸೋ ಲಿಟ್ಮಸ್ ಪೇಪರ್ ಕಥೆ ಕೇಳ್ಬೇಡಿ. ಜುಲೈ ಮಳೆಗೆ ತಂಡಿ ಹಿಡಿದು ಒಂದಕ್ಕೊಂದು ಅಂಟ್ಕೊಂಡ್ವು. ಆಮೇಲೆ ಶಾಲೆ ಬೇಲಿಯ ಕೆಂಪು ದಾಸವಾಳ ಬಿಸಿನೀರಲ್ಲಿ ನೆನೆಸಿ ಅದ್ರಲ್ಲೇ ಆ ಪರೀಕ್ಷೆ ಮಾಡಿದ್ವಿ, ನಿಂಬೆರಸಕ್ಕೆ ಗಾಢ ಗುಲಾಬಿ, ಸೋಪ್ ನೀರಿಗೆ ಹಸಿರು. ನಿಜ ಹೇಳ್ಬೇಕಂದ್ರೆ ಕಿಟ್‌ಗಿಂತ ಇದೇ ಚೆನ್ನಾಗಿತ್ತು! ಎಲೆಅಡಿಕೆಗೆ ಸುಣ್ಣ ಹಚ್ಚಿದ್ರೆ ಮಾತ್ರ ಅಜ್ಜಿ ಬಾಯಿ ಅಷ್ಟು ಕೆಂಪಾಗತ್ತಲ್ಲ ಯಾಕೆ ಸಾರ್ ಅಂತ ಒಬ್ಳು ಕೇಳಿದ್ಲು, ಸುಣ್ಣ ಪ್ರತ್ಯಾಮ್ಲ ಅಲ್ವಾ, ಅಡಿಕೆ ಬಣ್ಣ ಅದಕ್ಕೆ ಸಿಕ್ಕಿದ್ರೇ ಕೆಂಪೇರೋದು, ಅರ್ಧ ಪೀರಿಯಡ್ ಅದ್ರಲ್ಲೇ ಹೋಯ್ತು.

ಒಂದು ಅಯಸ್ಕಾಂತ ಒಡೆದೇ ಬಂದಿತ್ತು. ಬದಲಾಯಿಸಿ ಅಂದ್ರೆ ಬಿಲ್ ತನ್ನಿ ಅಂದ್ರು, ಬಿಲ್ ಕೊಟ್ಟಿದ್ರಲ್ವಾ ಸ್ವಾಮಿ ತರೋದು!

ಐದಾರು ಮಕ್ಕಳಿಗೆ ಒಂದು ಕಿಟ್ ಸರಿ, ಇಡೀ ಕ್ಲಾಸಿಗೆ ಒಂದೇ ಅಂದ್ರೆ ಬರೀ ನೂಕಾಟ. ಐದಕ್ಕೆ ಮೂರು ಸ್ಟಾರ್. ತಗೊಂಡ್ರೆ ಗಾಳಿಯಾಡದ ಡಬ್ಬಿ ಒಂದು ಜೊತೇಲೇ ತಗೊಳಿ.