ನಾಗರಹೊಳೆಯ ನಾಣಚ್ಚಿ ಗೇಟ್ ಸಫಾರಿ: ಒಂಬತ್ತು ವರ್ಷದ ಮಗಳ ಮೊದಲ 'ಬೇಟೆ'

ಹೋದ ಕೈಲ್ ಪೊಳ್ದ್ (ನಮ್ಮ ಕೊಡವರ ಆಯುಧ ಪೂಜೆ ಹಬ್ಬ) ದಿನ ಕೋವಿ ಎಲ್ಲ ಒರೆಸಿ ಎಣ್ಣೆ ಹಾಕಿ ಪೂಜೆಗೆ ಇಟ್ಟು, ನಳಿಗೆ ತುದಿಗೆ ತೋಕ್‌ಪೂ ಅನ್ನೋ ಹೂ ಸಿಗಿಸ್ತಾ ಇದ್ವಿ. ಮಗಳು ಅಜ್ಜನ ಪಕ್ಕ ಕೂತ್ಕೊಂಡು, ಅಜ್ಜಾ ನೀವು ಮೊದಲ ಸಲ ಬೇಟೆಗೆ ಹೋದಾಗ ನಿಮಗೆಷ್ಟು ವರ್ಷ ಅಂತ ಕೇಳಿದ್ಲು. ನನ್ನಪ್ಪ ಹನ್ನೆರಡು ಅಂದ್ರು. ಹಾಗಾದ್ರೆ ನಂಗಿನ್ನು ಮೂರೇ ವರ್ಷ ಅಂತ ಇವಳು ಬೆರಳಲ್ಲಿ ಲೆಕ್ಕ ಹಾಕಿದ್ಲು, ಮನೇಲಿ ಎಲ್ಲರೂ ಸುಮ್ಮನಾದ್ವಿ.

ಅವಳಿಗೆ ಕೂರಿಸಿಕೊಂಡು ಹೇಳ್ದೆ, 1972ರಲ್ಲೇ ವನ್ಯಜೀವಿ ಕಾನೂನು ಬಂತು ಮಗಳೇ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಮನೆಯವರಿಗೆ ಕೋವಿ ಇಟ್ಕೊಳ್ಳೋಕೆ ಲೈಸೆನ್ಸ್ ವಿನಾಯಿತಿ ಇದೆ, ಅದನ್ನ 2029ರ ತನಕ ಮುಂದುವರಿಸಿದ್ದಾರೆ, ಆದ್ರೆ ಆ ವಿನಾಯಿತಿ ಕೋವಿಗೆ, ಬೇಟೆಗಲ್ಲ, ನಾನೇ ಹುಟ್ಟಿದ ಮೇಲೆ ತೆಂಗಿನಕಾಯಿಗೆ ಬಿಟ್ಟು ಬೇರೆ ಯಾವುದಕ್ಕೂ ಗುಂಡು ಹೊಡೆದವನಲ್ಲ ಅಂತ. ಅವಳು ಕೇಳಿದ್ದು ಒಂದೇ ಪ್ರಶ್ನೆ. ಮತ್ತೆ ಅಜ್ಜನ ಹಾಗೆ ನಾನು ಕಾಟೀನ (ಕಾಡುಕೋಣ) ಹತ್ತಿರದಿಂದ ನೋಡೋದು ಹೇಗೆ?

ಅಪ್ಪನ ಕಾಟಿ ಕತೆ ನಮ್ಮನೇಲಿ ಎಲ್ಲರಿಗೂ ಬಾಯಿಪಾಠ. ನನ್ನಜ್ಜ ಬಿಲ್ಲಿಗೆ, ಅಂದ್ರೆ ಬೇಟೆಗೆ ಕಾಯೋ ಜಾಗದಲ್ಲಿ, ನಿಂತಿದ್ರಂತೆ, ಅಪ್ಪ ಅವರ ಹಿಂದೆ ಮರಕ್ಕೆ ಒರಗಿ ಉಸಿರು ಬಿಗಿ ಹಿಡ್ಕೊಂಡು ಕೂತಿದ್ರಂತೆ, ಗುಂಡು ಬಿದ್ದ ಮೇಲೆ ಅಜ್ಜ ಇವರ ಕೈ ಹಿಡಿದು ಕರ್ಕೊಂಡು ಹೋಗಿ ಕಾಟಿಯ ಕುತ್ತಿಗೆ ಮೇಲೆ ಇಟ್ರಂತೆ. ಮೈ ಇನ್ನೂ ಬಿಸಿ ಇತ್ತು ಅಂತ ಅಪ್ಪ ಪ್ರತಿ ಸಲ ಅಲ್ಲಿಗೇ ಕತೆ ನಿಲ್ಲಿಸ್ತಾರೆ.

ಹಾಗಾಗಿ ಕಾಫಿ ಕೊಯ್ಲು ಮುಗಿದು, ಹೂಮಳೆ ಬರೋಕೆ ಮುಂಚೆ ಸಿಗೋ ಆ ಸ್ವಲ್ಪ ಬಿಡುವಲ್ಲಿ ನಾಗರಹೊಳೆಗೆ ಹೋಗೋಣ ಅಂತ ತೀರ್ಮಾನ ಮಾಡಿದ್ವಿ. ಕೊಡಗಿನ ಕಡೆಯಿಂದ ಹೋಗೋರಿಗೆ ಕುಟ್ಟದ ಹತ್ತಿರ ಇರೋ ನಾಣಚ್ಚಿ ಗೇಟೇ ಅನುಕೂಲ, ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲ ದಾಟಿ ಹೋದ್ರೆ ಆಯ್ತು, ಹುಣಸೂರು ಸುತ್ತಿಕೊಂಡು ವೀರನಹೊಸಹಳ್ಳಿಗೆ ಹೋಗೋ ಅಗತ್ಯ ಇಲ್ಲ. ಬುಕಿಂಗ್ ಅರಣ್ಯ ಇಲಾಖೆಯ ವೆಬ್‌ಸೈಟಲ್ಲೇ ಮಾಡಿ. ನಾನು ಮೊದಲು ಒಬ್ಬ ಏಜೆಂಟ್ ಮಾತು ನಂಬಿ ಅವನಿಗೆ ಅಡ್ವಾನ್ಸ್ ಕೊಟ್ಟೆ, 'ಹುಲಿ ಗ್ಯಾರಂಟಿ ಸರ್' ಅಂದವನು ಹಿಂದಿನ ದಿನ ರಾತ್ರಿ ಫೋನ್ ಎತ್ತಲೇ ಇಲ್ಲ, ದುಡ್ಡು ವಾಪಸ್ ಬಂದಿದ್ದು ಅರ್ಧ. ಹುಲಿ ಗ್ಯಾರಂಟಿ ಅಂತ ಯಾರೇ ಹೇಳಿದ್ರೂ ಅಲ್ಲೇ ಮಾತು ನಿಲ್ಲಿಸಿ. ಟಿಕೆಟ್ ರೇಟ್ ಆಗಾಗ ಬದಲಾಗುತ್ತೆ, ಸಫಾರಿ ನಡೀತಾ ಇದೆಯಾ ಇಲ್ವಾ ಅನ್ನೋದನ್ನೂ ಹೊರಡೋಕೆ ಮುಂಚೆ ಒಂದ್ಸಲ ನೋಡ್ಕೊಳ್ಳಿ.

ಬೆಳಗಿನ ಟ್ರಿಪ್ಪೇ ತಗೊಂಡಿದ್ವಿ, ನಮಗೆ ಸಿಕ್ಕಿದ್ದು ಜೀಪ್. ಬೇಸಿಗೆ ಶುರುವಾಗಿದ್ರೂ ಬೆಳಗಿನ ಜಾವ ಚಳಿ ಚೆನ್ನಾಗೇ ಇತ್ತು, ಓಪನ್ ಗಾಡಿ ಓಡೋವಾಗ ಗಾಳಿ ಮುಖಕ್ಕೆ ಚುಚ್ಚುತ್ತೆ, ಮಕ್ಕಳಿಗೆ ಟೋಪಿ ಸ್ವೆಟರ್ ಮರೀಬೇಡಿ, ಆಮೇಲೆ ಬಿಸಿಲು ಬಂದಾಗ ಬಿಚ್ಚಿದ್ರೆ ಆಯ್ತು. ಬಣ್ಣ ಬಣ್ಣದ ಜಾಕೆಟ್ ಬೇಡ, ಇವಳಿಗೆ ನಾವು ಸ್ಕೂಲಿನ ಹಳೇ ಹಸಿರು ಸ್ವೆಟರ್ ಹಾಕಿದ್ವಿ.

ಡ್ರೈವರ್ ಬಗ್ಗೆ ಒಂದು ಮಾತು ಬರೀಲೇಬೇಕು. ಆ ಮನುಷ್ಯ ಕಿವಿಯಲ್ಲಿ ಗಾಡಿ ಓಡಿಸ್ತಾನೆ. ಹೊರಟು ಹತ್ತು ನಿಮಿಷಕ್ಕೇ ಎಂಜಿನ್ ಆಫ್ ಮಾಡಿ ಕೈ ಎತ್ತಿದ್ರು, ಎಲ್ಲೋ ಮರದ ಮೇಲಿಂದ ಮುಸುವ 'ಖೆಕ್ ಖೆಕ್' ಅಂತಿತ್ತು, ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಜಿಂಕೆಯೂ ಕೂಗ್ತು. ಅವರು ಮಗಳ ಕಡೆ ತಿರುಗಿ, ನೋಡು ಕೂಸೇ, ಮೇಲೆ ಕೂತವನಿಗೆ ದೂರ ಕಾಣುತ್ತೆ, ಕೆಳಗಿರೋದಕ್ಕೆ ವಾಸನೆ ಬರುತ್ತೆ, ಇಬ್ಬರೂ ಕೂಗಿದ್ರು ಅಂದ್ರೆ ಯಾರೋ ನಡ್ಕೊಂಡು ಹೋಗ್ತಿದ್ದಾರೆ ಅಂತ ಮೆಲ್ಲಗೆ ಹೇಳಿದ್ರು. ಹದಿನೈದು ನಿಮಿಷ ಅಲ್ಲೇ ಕಾದ್ವಿ. ಯಾರೂ ಬರಲಿಲ್ಲ. ಆದ್ರೆ ನನ್ನ ಮಗಳು ಹದಿನೈದು ನಿಮಿಷ ಅಲುಗಾಡದೆ ಕೂತಿದ್ದನ್ನ ನಾನು ಅವತ್ತೇ ಮೊದಲು ನೋಡಿದ್ದು, ನನ್ನಪ್ಪ ಮರಕ್ಕೆ ಒರಗಿ ಕೂತಿದ್ದು ಹೀಗೇ ಇರ್ಬೇಕು ಅನ್ನಿಸ್ತು.

ನಮ್ಮ ಜೀಪಲ್ಲೇ ಇದ್ದ ನಾಲ್ಕು ಜನ ದೊಡ್ಡವರಿಗೆ ಮಾತ್ರ ಇದು ಸಹಿಸೋಕಾಗ್ಲಿಲ್ಲ, ಹೋಗೋಣ ನಡೀರಿ, ಬರೀ ಜಿಂಕೆ ತಾನೆ ಅಂತ ಜೋರಾಗಿ ಮಾತು, ಚಿಪ್ಸ್ ಪ್ಯಾಕೆಟ್ ಸದ್ದು. ಅದು ನನಗೆ ನಿಜವಾಗ್ಲೂ ಬೇಜಾರಾಯ್ತು. ಡ್ರೈವರ್ ಎರಡು ಸಲ ಹೇಳಿದ್ರು, ಮೂರನೇ ಸಲ ನಾನೇ ಕೈ ಮುಗಿದು ಕೇಳ್ಕೊಂಡೆ, ಆಮೇಲೆ ಸುಮ್ಮನಿದ್ರು. ಗೊತ್ತಿರೋ ಮನೆಯವರು ಒಟ್ಟಿಗೆ ಸೇರಿ ಇಡೀ ಜೀಪ್ ಬುಕ್ ಮಾಡೋಕಾದ್ರೆ ಹಾಗೇ ಮಾಡಿ, ಚಿಕ್ಕ ಮಕ್ಕಳಿದ್ರೆ ಖಂಡಿತ.

ಕಾಟಿ ಸಿಕ್ತು. ತೇಗದ ಮರಗಳ ನಡುವೆ ಒಂದೇ ಒಂದು ಗಂಡು, ಎಣ್ಣೆ ಹಚ್ಚಿದ ಹಾಗೆ ಕಪ್ಪು ಮೈ, ಮೊಣಕಾಲಿಂದ ಕೆಳಗೆ ಬಿಳಿ ಸಾಕ್ಸ್ ಹಾಕಿದ ಹಾಗೆ. ಬಲಿತ ಗಂಡು ಸಾವಿರ ಕಿಲೋ ಹತ್ರ ತೂಗುತ್ತೆ, ಕಾಡಿನ ದನದ ಜಾತಿಯಲ್ಲೇ ಅತಿ ದೊಡ್ಡದು, ಇದೆಲ್ಲ ನಾನು ಓದಿಕೊಂಡು ಹೋಗಿದ್ದೆ ಹೇಳೋಣ ಅಂತ, ಒಂದೂ ಹೇಳ್ಲಿಲ್ಲ. ಅದು ನಮ್ಮನ್ನ ನೋಡ್ತು, ಬಾಯಲ್ಲಿದ್ದ ಹುಲ್ಲು ಅಗಿಯೋದನ್ನ ಒಂದು ಕ್ಷಣ ನಿಲ್ಲಿಸ್ತು, ಮತ್ತೆ ಅಗಿಯೋಕೆ ಶುರು ಮಾಡ್ತು. ಮಗಳು ನನ್ನ ಕಿವಿಗೆ ಬಾಯಿಟ್ಟು ಕೇಳಿದ್ಲು, ಈಗಲೂ ಅದರ ಮೈ ಬಿಸಿ ಇರುತ್ತಾ ಅಪ್ಪ?

ಆದ್ರೆ ನಾನು ಈ ರಿವ್ಯೂ ಬರೀತಿರೋದು ಆನೆಗೋಸ್ಕರ.

ಕೊಡಗಿನ ಹೊರಗಿನವರಿಗೆ ಇದು ಅರ್ಥ ಆಗುತ್ತೋ ಇಲ್ವೋ. ನಮ್ಮ ಮಕ್ಕಳಿಗೆ ಆನೆ ಹೊಸದೇನಲ್ಲ. ಹಲಸಿನ ಸೀಸನ್ ಬಂತು ಅಂದ್ರೆ ತೋಟಕ್ಕೆ ಬರುತ್ತೆ, ಕೆರೆಗೆ ಬರುತ್ತೆ, ಕಾಫಿ ಗಿಡ ಮುರಿದು ಹೋಗಿರುತ್ತೆ. ಬೆಳಿಗ್ಗೆ ಎದ್ದ ತಕ್ಷಣ ವಾಟ್ಸಪ್ ಗ್ರೂಪಲ್ಲಿ 'ಆನೆ ಇದೆ, ಕೆಲಸದವರನ್ನ ಆ ಕಡೆ ಬಿಡಬೇಡಿ' ಅಂತ ಮೆಸೇಜ್, ಸ್ಕೂಲ್ ಬಸ್ ತನಕ ನಡೆಸಿಕೊಂಡು ಹೋಗೋಕೆ ಭಯ, ರಾತ್ರಿ ಪಟಾಕಿ ಸದ್ದು. ಕೊಡಗಲ್ಲಿ ಆನೆಗೆ ಸಿಕ್ಕಿ ಜೀವ ಕಳ್ಕೊಂಡ ಕಾರ್ಮಿಕರು ಎಷ್ಟೋ ಜನ, ಇದು ಹಗುರವಾಗಿ ಹೇಳೋ ಮಾತಲ್ಲ. ನನ್ನ ಮಗಳಿಗೆ ಆನೆ ಅಂದ್ರೆ ಕಿಟಕಿ ಮುಚ್ಚು, ಲೈಟ್ ಹಾಕು, ಅಜ್ಜೀನ ಒಳಗೆ ಕರಿ, ಅಷ್ಟೇ. ಒಂದು ಸಲವೂ ಅವಳು ಆನೆಯನ್ನ ಪೂರ್ತಿ ಕಂಡಿರಲಿಲ್ಲ, ಟಾರ್ಚ್ ಬೆಳಕಲ್ಲಿ ಬೆನ್ನು, ಬೇಲಿ ಆಚೆ ಕಿವಿ, ಬೆಳಿಗ್ಗೆ ಮಣ್ಣಲ್ಲಿ ಹೆಜ್ಜೆ.

ಇಲ್ಲಿ ಒಂದು ಹಡ್ಲಿನ (ಕಾಡಿನ ನಡುವಿನ ಜೌಗು ಹುಲ್ಲುಗಾವಲು) ಅಂಚಲ್ಲಿ, ಕೆರೆ ಪಕ್ಕ, ಏಳು ಆನೆ ಇದ್ವು. ಡ್ರೈವರ್ ಬಹಳ ದೂರದಲ್ಲೇ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದ್ರು. ದೊಡ್ಡ ಹೆಣ್ಣಾನೆ ಸೊಂಡಿಲೆತ್ತಿ ನಮ್ಮ ವಾಸನೆ ನೋಡ್ತು, ಪರವಾಗಿಲ್ಲ ಅನ್ನಿಸಿತೇನೋ, ಇಳಿಸ್ತು. ತೀರಾ ಚಿಕ್ಕ ಮರಿಯೊಂದು ತಾಯಿ ಹೊಟ್ಟೆ ಕೆಳಗಿಂದ ಹೊರಗೆ ಬಂದು ನೀರಿಗೆ ಬಾಯಿ ಹಾಕಿ ಕುಡೀತಿತ್ತು, ಸೊಂಡಿಲಲ್ಲಿ ಎಳ್ಕೊಂಡು ಬಾಯಿಗೆ ಬಿಟ್ಕೊಳ್ಳೋದು ಮರಿಗೆ ಹುಟ್ಟಿದ ತಕ್ಷಣ ಬರಲ್ಲ, ತಿಂಗಳುಗಟ್ಟಲೆ ಕಲೀಬೇಕು ಅಂತ ಡ್ರೈವರ್ ಹೇಳಿದ್ರು. ಸೊಂಡಿಲನ್ನ ಎಲ್ಲಿಡೋದು ಗೊತ್ತಾಗದೆ ಅದು ಅದರ ಮೇಲೇ ಕಾಲಿಟ್ಟು ಮುಗ್ಗರಿಸ್ತು, ಹಿಂದಿದ್ದ ಇನ್ನೊಂದು ಆನೆ ಕಾಲಲ್ಲಿ ತಡೆದು ನಿಲ್ಲಿಸ್ತು. ನನ್ನ ಕೈ ಹಿಡಿದಿದ್ದ ಮಗಳ ಬೆರಳು ಮೊದಲು ಬಿಗಿಯಾಗಿತ್ತು, ಅದು ಸಡಿಲ ಆಗಿದ್ದು ನನಗೆ ಗೊತ್ತಾಯ್ತು. ಆಮೇಲೆ ಕೇಳಿದ್ಲು, ನಮ್ಮ ತೋಟಕ್ಕೆ ಬರೋ ಆನೆಗೂ ಮರಿ ಇರುತ್ತಾ, ಪಟಾಕಿ ಹೊಡೆದಾಗ ಮರಿ ಏನ್ ಮಾಡುತ್ತೆ? ನನ್ನ ಹತ್ರ ಉತ್ತರ ಇರಲಿಲ್ಲ. ಪಟಾಕಿ ಹೊಡೆಯೋದು ನಾನೇ ತಾನೆ.

ಕೊಡಗಿನ ಪ್ರತಿ ಸ್ಕೂಲಿನ ಮಕ್ಕಳನ್ನ, ಅದರಲ್ಲೂ ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳನ್ನ ಒಂದು ಸಲ ಇಲ್ಲಿಗೆ ಕರ್ಕೊಂಡು ಬರ್ಬೇಕು. ಬೆಂಗಳೂರಿನವರು ಬಂದು ನೋಡ್ಕೊಂಡು ಹೋಗ್ತಾರೆ, ದಿನಾ ಆನೆ ಭಯದಲ್ಲೇ ಬದುಕೋ ಮಕ್ಕಳು ಮಾತ್ರ ಆನೆಯನ್ನ ಅದರ ಮನೇಲಿ ನೋಡೇ ಇಲ್ಲ.

ಬೈನಾಕ್ಯುಲರ್ ಬಗ್ಗೆ ಕೇಳೋರು ಇರ್ತಾರೆ. ನಾನು ಮೊದಲು ಆನ್‌ಲೈನಲ್ಲಿ ಕಮ್ಮಿ ರೇಟಿಗೆ 10x50 ತರಿಸಿದ್ದೆ, ತೂಕಕ್ಕೆ ಅವಳ ಕೈ ನಡುಗುತ್ತೆ, ಹತ್ತು ಪಟ್ಟು ಅಂದ್ರೆ ನಡುಕವೂ ಹತ್ತು ಪಟ್ಟು, ಜೊತೆಗೆ ಎರಡು ಕಣ್ಣಿನ ಚಿತ್ರ ಒಂದಾಗ್ತಾನೇ ಇರಲಿಲ್ಲ, ತಲೆನೋವು ಬಂತು. ವಾಪಸ್ ಮಾಡಿ ಸ್ನೇಹಿತರ ಹತ್ರ 8x32 ಇಸ್ಕೊಂಡು ಹೋದ್ವಿ, ಬಹಳ ಚೆನ್ನಾಗಿತ್ತು. ಮಕ್ಕಳ ಎರಡು ಕಣ್ಣಿನ ನಡುವಿನ ಅಂತರ ನಮಗಿಂತ ಕಮ್ಮಿ, ಹಾಗಾಗಿ ಎಷ್ಟು ಹತ್ತಿರಕ್ಕೆ ಮಡಚುತ್ತೆ ಅಂತ ಮಗುವಿನ ಕಣ್ಣಿಗೇ ಇಟ್ಟು ನೋಡಿ ತಗೊಳ್ಳಿ. ಮನೇಲೇ ಎರಡು ದಿನ ಅಂಗಳದ ಹಕ್ಕಿ ನೋಡಿ ಅಭ್ಯಾಸ ಆಗಿರ್ಲಿ, ಕಾಡಲ್ಲಿ ಫೋಕಸ್ ಕಲಿಸೋಕೆ ಹೋದ್ರೆ ಪ್ರಾಣಿ ಹೋಗಿರುತ್ತೆ.

ವಾಪಸ್ ಬರೋವಾಗ ಡ್ರೈವರ್ ಜೊತೆ ಕೆ.ಎಂ. ಚಿಣ್ಣಪ್ಪನವರ ಮಾತು ಬಂತು. ನಮ್ಮ ದಕ್ಷಿಣ ಕೊಡಗಿನವರೇ, ಇದೇ ನಾಗರಹೊಳೆಯಲ್ಲಿ ರೇಂಜರ್ ಆಗಿ ಕಳ್ಳಬೇಟೆಯವರ ಎದುರು ನಿಂತವರು, 2024ರಲ್ಲಿ ತೀರ್ಕೊಂಡ್ರು. 1992ರಲ್ಲಿ ಈ ಕಾಡಿಗೆ ಬೆಂಕಿ ಬಿದ್ದಾಗ ಇಲ್ಲೆಲ್ಲ ಹೇಗಿತ್ತು ಅಂತ ನಮ್ಮ ಕಡೆ ಹಿರಿಯರು ಈಗಲೂ ಹೇಳ್ತಾರೆ. ಮಗಳಿಗೆ ಅವರ ಕತೆ ಪೂರ್ತಿ ಹೇಳ್ಬೇಕು, ಬೇಟೆ ಕತೆ ಕೇಳಿ ಬೆಳೆದವಳಿಗೆ ಇದೂ ಗೊತ್ತಿರ್ಬೇಕು.

ಹುಲಿ ಸಿಗಲಿಲ್ಲ, ಮಣ್ಣಲ್ಲಿ ಹೆಜ್ಜೆ ಸಿಕ್ತು, ಡ್ರೈವರ್ ಗಾಡಿಯಿಂದಲೇ ತೋರಿಸಿದ್ರು. ಐದಕ್ಕೆ ಐದು ಸ್ಟಾರ್ ಕೊಡ್ತೀನಿ.

ಮನೆಗೆ ಬಂದವಳೇ ಚಪ್ಪಲಿ ಬಿಚ್ಚದೆ ಅಜ್ಜನ ಹತ್ರ ಓಡಿ, ಅಜ್ಜಾ ಕಾಟಿ ನೋಡ್ದೆ, ಅದು ಹುಲ್ಲು ತಿಂತಾ ಇತ್ತು ಅಂದ್ಲು. ಅಪ್ಪ ತುಂಬಾ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ಅದು ಎಲ್ಲಿ ನಿಂತಿತ್ತು, ಯಾವ ಕಡೆ ಮುಖ ಮಾಡಿತ್ತು, ಗಾಳಿ ಯಾವ ಕಡೆಯಿಂದ ಇತ್ತು ಅಂತ ಒಂದೊಂದಾಗಿ ಕೇಳಿದ್ರು, ಅವಳು ಎಲ್ಲದಕ್ಕೂ ಉತ್ತರ ಕೊಟ್ಲು. ಮುಂದಿನ ತಿಂಗಳಿಗೆ ಮೂರು ಸೀಟ್ ಬುಕ್ ಮಾಡ್ತಾ ಇದ್ದೀನಿ, ಅಪ್ಪನಿಗೆ ಬೆಳಗಿನ ಚಳಿಗೆ ಮೊಣಕಾಲು ನೋವು ಬರುತ್ತೆ, ಅದಕ್ಕೆ ಈ ಸಲ ಮಧ್ಯಾಹ್ನದ ಟ್ರಿಪ್ಪು.